ಗುರುತಿನ ಗೋಡೆಗಳು

ಗೋಡೆ ಹಳದಿ ಇರಬೇಕಿತ್ತು. ಇಮ್ತಿಯಾಜ್ ಒಮ್ಮೆ ಫೋನು ನೋಡಿದ, ಒಮ್ಮೆ ಗೋಡೆ ನೋಡಿದ. ಫೋನಿನೊಳಗಿನದು ಹಳದಿಯೇ, ಅದರ ಮೂಲೆಯಲ್ಲಿ ಯಾರೋ ಪಡ್ಡೆ ಹುಡುಗರು ಕಪ್ಪು ಬಣ್ಣದಲ್ಲಿ ಬರೆದ ಫುಟ್‌ಬಾಲ್ ತಂಡದ ಹೆಸರೂ ಹಾಗೆಯೇ ಇದೆ. ಎದುರಿಗಿರುವುದು ಮಾತ್ರ ಅಚ್ಚ ಬಿಳಿ, ಹತ್ತಿರ ಹೋದರೆ ಪೈಂಟಿನ ವಾಸನೆ. ಹೋದ ವಾರ ತೆಗೆದ ಫೋಟೊ ಈ ವಾರ ಸುಳ್ಳಾಗಿತ್ತು. ಯಾರ ಮೇಲೆಂದು ತಿಳಿಯದೆ ಅವನಿಗೆ ಸಿಟ್ಟು ಬಂತು. ಮನೆ ಅವರದ್ದು, ಗೋಡೆ ಅವರದ್ದು, ಬೇಕಾದ ಬಣ್ಣ ಹೊಡೆದುಕೊಳ್ಳಲಿ. ಆದರೆ ಹೊಡೆಯುವ ಮುಂಚೆ ತನಗೊಂದು ಮಾತು ಹೇಳಬಹುದಿತ್ತಲ್ಲ ಎಂಬ ಅಸಂಬದ್ಧ ಯೋಚನೆ ಬಂದು, ಅಸಂಬದ್ಧವೆಂದು ಗೊತ್ತಾದ ಮೇಲೂ ಹೋಗದೆ ಅಲ್ಲೇ ನಿಂತಿತು. ಹಿಂದೆ ಪಿಕಪ್ಪಿನ ಕಿಟಕಿಯಿಂದ ಶಿಹಾಬ್ ತಲೆ ಹೊರಗೆ ಹಾಕಿ, “ಎಂತ ಇಮ್ತಿಯಾಜಾಕ, ಗೋಡೆ ಬದಲಾಯ್ತಾ?” ಎಂದು ಕೇಳಿದ. “ಗೋಡೆ ಅಲ್ಲ ಮಾರಾಯ, ನನ್ನ ಹಣೆಬರಹ,” ಎಂದು ಇಮ್ತಿಯಾಜ್ ಬಿಳಿ ಗೋಡೆಯ ಫೋಟೊ ತೆಗೆದ.

ಸೌದಿಯ ಈ ತಾಯಿಫಿನಲ್ಲಿ ಮನೆಗೆ ನಂಬರಿದ್ದರೂ ಅದನ್ನು ಮನೆಯವರೇ ಓದಿರುವುದಿಲ್ಲ. ಬೀದಿಗೆ ಹೆಸರಿದ್ದರೂ ಅದು ಬೋರ್ಡಿನ ಮೇಲೇ ಉಳಿಯುತ್ತದೆ, ಯಾರ ಬಾಯಿಗೂ ಬರುವುದಿಲ್ಲ. ಫೋನು ಮಾಡಿ ದಾರಿ ಕೇಳಿದರೆ, ರೊಟ್ಟಿ ಅಂಗಡಿ ದಾಟಿ ಬಾ, ನೀರಿನ ಟಾಂಕಿ ಕಂಡಲ್ಲಿ ಎಡಕ್ಕೆ ತಿರುಗು, ಆಮೇಲೆ ಯಾರನ್ನಾದರೂ ಕೇಳು ಎನ್ನುತ್ತಾರೆ. ಫೋನಿನ ನಕ್ಷೆ ನಂಬಿ ಹೊರಟರೆ ಹಳೆಯ ಕೇರಿಗಳಲ್ಲಿ ಅದು ಒಣಹಳ್ಳದ ಆಚೆ ದಡಕ್ಕೆ ಒಯ್ದು ನಿಲ್ಲಿಸಿ, ನೀನು ತಲುಪಿದೆ ಎನ್ನುತ್ತದೆ. ಸೋಫಾ ತರುವವನಿಗೆ, ನೀರಿನ ಬಾಟಲಿ ತರುವವನಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ತಡವಾದರೆ ಬೈಗುಳದಲ್ಲಿ ಮುಗಿಯುತ್ತದೆ. ಇಮ್ತಿಯಾಜ್ ದುಡಿಯುವ ಅಬೂ ಹಾಶಿಮನ ಅಂಗಡಿಯಿಂದ ಹೋಗುವುದು ಆಕ್ಸಿಜನ್ ಸಿಲಿಂಡರು. ಬೆಟ್ಟದ ಮೇಲಿನ ಊರು, ಗಾಳಿಯೇ ತೆಳು. ಎದೆ ಹಾಳಾದ ಮುದುಕ ಮುದುಕಿಯರು ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಒಳಕೋಣೆಗಳಲ್ಲಿ ಮಲಗಿರುತ್ತಾರೆ, ಅವರ ತಲೆದೆಸೆಯ ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿಯುವ ಮೊದಲು ಹೊಸದು ಬಾಗಿಲಿಗೆ ಮುಟ್ಟಬೇಕು. ಆ ಬಾಗಿಲುಗಳೆಲ್ಲ ಇಮ್ತಿಯಾಜನ ತಲೆಯೊಳಗಿದ್ದವು. ತಲೆಯೊಳಗಿದ್ದದ್ದೇ ತಪ್ಪಾಯಿತು.

ಅಬೂ ಹಾಶಿಮ್ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಸಂಬಳ ತಡೆಹಿಡಿಯುವ, ಕೈಯೆತ್ತುವ ಕಫೀಲರ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಧಣಿಗಳ, ಕತೆಗಳನ್ನು ಶುಕ್ರವಾರ ಊರಿನವರ ರೂಮಿನಲ್ಲಿ ಕೇಳಿ ಬರುವಾಗ ಇಮ್ತಿಯಾಜನಿಗೆ ತನ್ನದು ಯಾವ ಲೆಕ್ಕದ ಕಷ್ಟ ಎಂದು ನಾಚಿಕೆಯಾಗುತ್ತಿತ್ತು. ಈ ಮನುಷ್ಯ ಊಟಕ್ಕೆ ಕರೆದರೆ ಒಂದೇ ಹರಿವಾಣದಲ್ಲಿ ಕೂರಿಸಿಕೊಂಡು ಮಾಂಸದ ಒಳ್ಳೆಯ ತುಂಡನ್ನು ತನ್ನ ಕೈಯಿಂದಲೇ ಇವನ ಬದಿಗೆ ಸರಿಸುತ್ತಾನೆ. ಪಾಸ್‌ಪೋರ್ಟು ಮಾತ್ರ ಅವನ ಮೇಜಿನ ಡ್ರಾಯರಿನಲ್ಲಿರುತ್ತದೆ. ರಂಜಾನಿಗೆ ಮೊದಲು ಹೆಂಡತಿ ಶಮೀನಾ ಬಸುರಿಯೆಂದು ಹೇಳಿ ರಜೆ ಕೇಳಿದಾಗ ಅವನು ಜಪಮಣಿ ತಿರುಗಿಸುತ್ತ, “ಹೋಗು, ಯಾರು ಬೇಡ ಅಂದರು? ಆದರೆ ನೀನು ಹೋದ ಮೇಲೆ ಒಂದು ಜೀವ ಉಸಿರಿಗೆ ಒದ್ದಾಡಿದರೆ ಅಲ್ಲಾಹನ ಹತ್ತಿರ ನಾನೇನು ಹೇಳಲಿ? ಹೊಸಬನನ್ನು ತರಿಸುತ್ತೇನೆ. ಅವನು ಎಲ್ಲ ಮನೆಗಳಿಗೂ ಒಬ್ಬನೇ ಹೋಗಿ ಬರುವಂತಾದ ದಿನ ನಿನ್ನ ಪಾಸ್‌ಪೋರ್ಟು ನಿನ್ನ ಕೈಯಲ್ಲಿ. ಇದು ನನ್ನ ಮಾತು,” ಎಂದಿದ್ದ. ಅಂಗಡಿಯಲ್ಲಿದ್ದ ಗಿರಾಕಿಗಳೂ ಕೇಳಿಸಿಕೊಂಡಿದ್ದರು. ಅದಕ್ಕೆ ಎದುರಾಡುವುದು ಹೇಗೆ? ಜೀವದ ಮಾತು ತೆಗೆದವನೆದುರು ರಜೆಯ ಮಾತು ಬಲು ಸಣ್ಣದಾಗಿ ಕಾಣುತ್ತದೆ. ಫೋಟೊ ತೆಗೆದು ಕಲಿಸುತ್ತೇನೆ ಎಂದು ಇಮ್ತಿಯಾಜನೇ ಉತ್ಸಾಹದಿಂದ ಹೇಳಿ ಬಂದಿದ್ದ. ಪ್ರತಿ ತಿರುವಿನದ್ದೂ ಒಂದು ಫೋಟೊ, ಗೇಟಿನದ್ದು ಒಂದು, ನಡುವೆ ಗೊಂದಲವಿರುವಲ್ಲಿ ಕಂಬದ್ದೋ ಮರದ್ದೋ ಇನ್ನೊಂದು. ಎರಡು ವಾರದ ಕೆಲಸ ಎಂದುಕೊಂಡಿದ್ದ.

ಊರು ಸುಮ್ಮನೆ ನಿಲ್ಲಲಿಲ್ಲ. ಅವನು ಗುರುತು ಮಾಡಿದ ನೀಲಿ ಗೇಟಿಗೆ ಕಂದು ಬಣ್ಣ ಬಂತು. ವರ್ಷಗಟ್ಟಲೆ ಟೈರಿಲ್ಲದೆ ನಿಂತಿದ್ದ ಹಳೆಯ ಕಾರನ್ನು ಅವನು ಫೋಟೊ ತೆಗೆದ ಮೂರನೆಯ ದಿನವೇ ಬಲದಿಯಾದವರು, ಇಲ್ಲಿಯ ನಗರಸಭೆಯವರು, ಎತ್ತಿಕೊಂಡು ಹೋದರು. ಬೇಸಿಗೆಗೆ ಕೆಳಗಿನ ಸೆಕೆಯ ಊರುಗಳಿಂದ ಜನ ಬಂದು ತುಂಬಿ, ಖಾಲಿ ಜಾಗಗಳಲ್ಲಿ ಹಣ್ಣಿನ ಡೇರೆಗಳೆದ್ದು, ರಸ್ತೆಯ ಮುಖವೇ ಬೇರೆಯಾಯಿತು. ಶುಬ್ರಾ ಅರಮನೆಯಂಥದ್ದು ಬದಲಾಗುವುದಿಲ್ಲ ನಿಜ, ಆದರೆ ಅರಮನೆಯ ಪಕ್ಕದಲ್ಲಿ ಯಾವ ರೋಗಿಯೂ ಇರಲಿಲ್ಲ. ಮೊದಲೆಲ್ಲ ಈ ಬೀದಿಗಳನ್ನು ಅವನು ನೋಡಿರಲೇ ಇಲ್ಲ. ಕಾಲು ತಾನಾಗಿ ಹೋಗುತ್ತಿತ್ತು. ಈಗ ನೋಡಲು ಹೊರಟ ಮೇಲೆ ಒಂದೊಂದು ಗೋಡೆಯೂ ಇನ್ನೊಂದರ ಹಾಗೆಯೇ ಕಾಣತೊಡಗಿ, ಕೆಲವು ಸಲ ತನಗೇ ದಾರಿ ಅನುಮಾನವಾಗುತ್ತಿತ್ತು. ಕಲಿಸಲು ಹೋಗಿ ತಾನೇ ಮರೆತರೆ? ಆಗ ಅಬೂ ಹಾಶಿಮ್ ಇಬ್ಬರನ್ನೂ ಇಟ್ಟುಕೊಂಡು ಮೂರನೆಯವನನ್ನು ತರಿಸಿಯಾನು ಎಂದು ನಗು ಬಂದು, ನಗು ಅರ್ಧಕ್ಕೇ ನಿಂತಿತು.

ಶಮೀನಾಳ ಹೆರಿಗೆ ಬಕ್ರೀದಿನ ಆಚೀಚೆ ಎಂದು ಡಾಕ್ಟರು ಹೇಳಿದ್ದರು. ಈ ಸಲ ಬರ್ತೀರಲ್ಲ ಎಂದು ಅವಳು ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಅವನಿಗೆ ಕಷ್ಟವಾಗಿತ್ತು. ಹೋದ ಸಲ ಕೇಳಿದ್ದಳು. ಹೋದ ಸಲ ಅವನು ಹೆಗಲ ಮೇಲೆ ಸಿಲಿಂಡರು ಹೊತ್ತು ಯಾರದೋ ಮನೆಯ ಮೆಟ್ಟಿಲು ಹತ್ತುತ್ತಿರುವಾಗ ಫೋನು ಬಡಿದುಕೊಂಡಿತ್ತು; ಸಿಲಿಂಡರು ಕೂರಿಸಿ, ಪಾನಾ ತಿರುಗಿಸಿ, ಮುಳ್ಳು ಏರಿತೋ ಎಂದು ನೋಡಿ, ಮುದುಕನ ದುವಾ ಪಡೆದು ಕೆಳಗಿಳಿದ ಮೇಲೆ ತೆಗೆದು ನೋಡಿದರೆ ಅತ್ತೆ ರುಖಿಯಮ್ಮನ ಧ್ವನಿ. ಹೆಣ್ಣು ಮಗು. ಉಸಿರಿರಲಿಲ್ಲ. ಅಸರ್ ನಮಾಜಿನ ನಂತರ ಮಣ್ಣು ಮಾಡುತ್ತಾರೆ. ಅವನಿಗೆ ಮೊದಲು ಹೊಳೆದದ್ದು ಫೋಟೊ. ಯಾರಾದರೂ ತೆಗೆದರಾ ಎಂದು ಕೇಳಿದ. “ಸತ್ತ ಮಗುವಿನ ಫೋಟೊ ತೆಗೀತಾರಾ ಮಗಾ?” ಎಂದು ರುಖಿಯಮ್ಮ ಅಳುವಿನ ನಡುವೆಯೂ ಗದರಿದ್ದರು. ಮೂಗು ನಿಮ್ಮದೇ ಇತ್ತು ಎಂದು ಶಮೀನಾ ಎಷ್ಟೋ ದಿನಗಳ ಮೇಲೆ ಒಮ್ಮೆ ಹೇಳಿದಳು, ಅಷ್ಟೇ. ಈಗ ಅವನ ಫೋನಿನಲ್ಲಿ ತಾಯಿಫಿನ ಗೋಡೆಗಳೆಲ್ಲ ಇವೆ, ಕಸದ ಡಬ್ಬಿಗಳಿವೆ, ಮುರಿದ ಬಲ್ಬಿನ ಕಂಬಗಳಿವೆ. ಅದೊಂದು ಮುಖ ಇಲ್ಲ. ತಾನು ಇದ್ದಿದ್ದರೆ ಮಗು ಬದುಕುತ್ತಿತ್ತೇ? ಇಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಆದರೂ ಉಸಿರನ್ನು ಮನೆಮನೆಗೆ ಹೊತ್ತು ಹಾಕುವವನ ಮಗು ಉಸಿರಿಲ್ಲದೆ ಹುಟ್ಟಿತು ಎಂಬುದನ್ನು ಅವನು ಯಾವ ಡಾಕ್ಟರ ಮಾತಿನಿಂದಲೂ ಮನಸ್ಸಿನಿಂದ ತೆಗೆದುಹಾಕಲಾರದೆ ಹೋದ. ಈ ಸಲ ಆಸ್ಪತ್ರೆಯ ಬಾಗಿಲಿನಲ್ಲಿ ತಾನು ನಿಂತಿರಬೇಕು. ಅದು ಬಿಟ್ಟು ಅವನಿಗೆ ಬೇರೇನೂ ಬೇಡವಾಗಿತ್ತು.

“ಇಲ್ಲಿ ಎಡವಾ ಬಲವಾ?” ಎಂದು ಶಿಹಾಬ್ ಕೇಳಿದ. ಬಿಳಿ ಗೋಡೆ ಹಿಂದೆ ಬಿದ್ದು ಪಿಕಪ್ಪು ಕೂಡುರಸ್ತೆಗೆ ಬಂದಿತ್ತು. ಈ ಕೂಡುರಸ್ತೆಯನ್ನು ಅವರು ಎಷ್ಟು ಸಲ ದಾಟಿದ್ದಾರೋ. ಫೋಟೊ ನೋಡು ಎಂದ ಇಮ್ತಿಯಾಜ್. ಶಿಹಾಬ್ ಫೋಟೊ ನೋಡಿದ, ರಸ್ತೆ ನೋಡಿದ, ಮತ್ತೆ ಫೋಟೊ ನೋಡಿದ. “ಬಲ ಇರಬೇಕು,” ಎಂದ. ಎಡವಾಗಿತ್ತು. ಹೊಸಬನಾಗಿ ಬಂದ ಉಡುಪಿಯ ಕಡೆಯ ಹುಡುಗ, ಊರಿನಲ್ಲಿ ಮೀನಿನ ಲಾರಿ ಓಡಿಸಿ ಗೋವಾ ಕೇರಳ ಸುತ್ತಿ ಬಂದವನು, ಇಲ್ಲಿ ಒಂದು ಎಡ ಬಲ ತಲೆಗೆ ಹತ್ತುವುದಿಲ್ಲವೆಂದರೆ! ವಾರಕ್ಕೊಮ್ಮೆ ಅಬೂ ಹಾಶಿಮ್ ಅವನಿಗೆ ಪರೀಕ್ಷೆ ಇಡುತ್ತಿದ್ದ. ಅವಸರವಿಲ್ಲದ ಒಂದು ಮನೆಯ ಹೆಸರು ಹೇಳಿ, ಯಲ್ಲಾ, ಒಬ್ಬನೇ ಹೋಗಿ ಬಾ ಎಂದು ಕಳಿಸುವುದು. ಶಿಹಾಬ್ ಬಿಸಿಲಿಗೆ ಕೆಂಪಾಗಿ, ಸಿಲಿಂಡರನ್ನು ಹಾಗೆಯೇ ವಾಪಸು ತಂದು ತಲೆ ತಗ್ಗಿಸಿ ನಿಲ್ಲುತ್ತಿದ್ದ. ಅಬೂ ಹಾಶಿಮ್ ನಿಟ್ಟುಸಿರಿಟ್ಟು ಇಮ್ತಿಯಾಜನ ಕಡೆ ತಿರುಗಿ, ನಾನೇನು ಮಾಡಲಿ ಎಂಬಂತೆ ಅಂಗೈ ಮೇಲೆ ಮಾಡುತ್ತಿದ್ದ. ಆ ದಿನಗಳಲ್ಲಿ ಶಿಹಾಬ್ ರೂಮಿನಲ್ಲಿ ಅಡಿಗೆಯನ್ನೆಲ್ಲ ತಾನೇ ಮಾಡುತ್ತಿದ್ದ, ಮೀನಿನ ನಡುವಿನ ತುಂಡನ್ನು ಇಮ್ತಿಯಾಜನ ತಟ್ಟೆಗೆ ಹಾಕುತ್ತಿದ್ದ, ಮುಖ ಮಾತ್ರ ನೋಡುತ್ತಿರಲಿಲ್ಲ. ನಾಚಿಕೆಯ ಹುಡುಗ ಎಂದುಕೊಂಡಿದ್ದ ಇಮ್ತಿಯಾಜ್. ಒಂದು ಸಂಜೆ ಪಾತ್ರೆ ತೊಳೆಯುತ್ತ ಶಿಹಾಬ್ ತಾನಾಗಿಯೇ ಹೇಳಿದ್ದ: ದಮ್ಮಾಮಿನಲ್ಲಿ ದೊಡ್ಡಪ್ಪನ ಮಗ ಇದ್ದಾನೆ, ಅವನ ಕಂಪೆನಿಯಲ್ಲಿ ಜಾಗವಿದೆ, ಎರಡು ವರ್ಷ ಇಲ್ಲಿ ಸರಿಯಾಗಿ ದುಡಿದರೆ ಅಬೂ ಹಾಶಿಮ್ ಬೇರೆ ಕಡೆ ಸೇರಲು ರಿಲೀಸ್ ಕೊಟ್ಟಾನು, ಒಳ್ಳೆಯ ಮನುಷ್ಯ ಅಲ್ವಾ. “ಈಗಲೇ ಯಾರಿಗೂ ಹೇಳಬೇಡಿ ಇಮ್ತಿಯಾಜಾಕ. ಕಫೀಲನಿಗೆ ಬೇರೆ ಹಾಗೆ ಕಾಣಬಾರದು.” ಯಾರಿಗೆ ಹೇಳಲಿ ಮಾರಾಯ ಎಂದಿದ್ದ ಇವನು.

ಅಂದು ಮಧ್ಯಾಹ್ನದ ಮೇಲೆ ಯಹ್ಯಾ ಎಂಬವನ ತಾಯಿಗೆ ಸಿಲಿಂಡರು ಒಯ್ಯಬೇಕಿತ್ತು. ಹಳೆಯ ಕೇರಿಯ ಮೇಲ್ತುದಿಯಲ್ಲಿ, ಓಣಿಯೊಳಗೆ ಓಣಿ, ಗಾಡಿ ಹೋಗದ, ಮೆಟ್ಟಿಲು ಹತ್ತುವ ಜಾಗ. ಶಿಹಾಬನಿಗೆ ಎಂದೂ ಸಿಗದ ಮನೆಯೆಂದರೆ ಅದು. ಕೆಳಗಿನ ತಿರುವಿನಲ್ಲಿ ಗುರುತಾಗಿದ್ದ ಕಲ್ಲಿನ ರಾಶಿಯನ್ನು ಯಾರೋ ತೆಗೆದುಬಿಟ್ಟಿದ್ದರಿಂದ, ಪಿಕಪ್ಪನ್ನು ರೊಟ್ಟಿ ಅಂಗಡಿಯ ಹತ್ತಿರ ನಿಲ್ಲಿಸಿ, ನೀನು ಇಲ್ಲೇ ಇರು, ಹೊಸ ಫೋಟೊ ತೆಗೆದು ಬಂದೆ, ಆಮೇಲೆ ಇಬ್ಬರೂ ಹೋಗುವ ಎಂದು ಹೇಳಿ ಇಮ್ತಿಯಾಜ್ ಒಬ್ಬನೇ ಓಣಿಯೊಳಗೆ ಹೊರಟ. ತಿರುವಿನಲ್ಲಿ ಒಂದು ಹಸಿರು ಬಾಗಿಲಿತ್ತು. ಇದು ಇನ್ನೊಂದು ತಿಂಗಳಾದರೂ ಹಸಿರಾಗಿರಲಿ ಎಂದು ಬೇಡಿಕೊಂಡು ಫೋನು ಎತ್ತಿದ. ಬಾಗಿಲು ತೆರೆಯಿತು. ಹೆಂಗಸಿನ ಕಪ್ಪು ಅಬಾಯದ ಒಂದು ಅಂಚು ಕಂಡು, ಮರೆಯಾಗಿ, ಅದರ ಬದಲಿಗೆ ಕಾಲುದ್ದದ ಬಿಳಿ ತೋಬು ತೊಟ್ಟ ಗಂಡಸು ಬಂದು ನಿಂತ. ಇಮ್ತಿಯಾಜನ ಬೆರಳು ಆ ಹೊತ್ತಿಗೆ ಒತ್ತಿಯಾಗಿತ್ತು.

ಆ ಮನುಷ್ಯ ಹೊಡೆಯಲಿಲ್ಲ, ಕೂಗಲೂ ಇಲ್ಲ. ಫೋನು ಕಿತ್ತುಕೊಂಡು, ಮಣಿಕಟ್ಟು ಹಿಡಿದು ಒಳಗೆ ಕರೆದೊಯ್ದು ಅತಿಥಿಗಳ ಕೋಣೆಯಲ್ಲಿ ಕೂರಿಸಿದ. ಯಾರ ಫೋಟೊ ತೆಗೆದೆ? ಬಾಗಿಲಿನದ್ದು. ಬಾಗಿಲಿನ ಫೋಟೊ ಯಾಕೆ? ದಾರಿಗೆ. ಯಾವ ದಾರಿಗೆ? ಆಕ್ಸಿಜನ್, ರೋಗಿ, ಮೇಲೆ ಯಹ್ಯಾನ ಮನೆ ಎಂದು ಇಮ್ತಿಯಾಜ್ ತನ್ನ ಮುರುಕು ಅರಬಿಯಲ್ಲಿ ಹೇಳಿದ. ಆಕ್ಸಿಜನ್ ಎಲ್ಲಿದೆ ಎಂದ ಅವನು. ಇವನ ಕೈ ಖಾಲಿ ಇತ್ತು. ನಿಜ ಹೇಳುವಾಗ ಇಷ್ಟು ಸುಳ್ಳುಗಾರನಂತೆ ಬೆವರುವುದು ಯಾಕೆ ಎಂದು ಅವನಿಗೇ ಅರ್ಥವಾಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ತನ್ನದು. ಚಿಕ್ಕಂದಿನಿಂದಲೂ ಯಾರು ಗದರಿದರೂ ತಪ್ಪು ತನ್ನದೇ ಇರಬೇಕೆನಿಸುತ್ತದೆ. ಆ ಮನುಷ್ಯ ಅವನೆದುರು ಖರ್ಜೂರ ಇಟ್ಟ, ಕಹ್ವಾ ಬಗ್ಗಿಸಿ ಕೊಟ್ಟ, ನನ್ನ ಅಣ್ಣ ಬರಲಿ, ಅವನು ಬಂದ ಮೇಲೆ ಪೊಲೀಸರಿಗೆ ಹೇಳಬೇಕೋ ಬೇಡವೋ ನೋಡೋಣ ಎಂದ. ಹಿಡಿದು ಕೂರಿಸಿದವನ ಖರ್ಜೂರವನ್ನು ತಿನ್ನಬೇಕೋ ಬಿಡಬೇಕೋ? ತಿನ್ನದಿದ್ದರೆ ಅವಮಾನ ಮಾಡಿದಂತೆ, ತಿಂದರೆ ಒಪ್ಪಿಕೊಂಡಂತೆ. ಇಮ್ತಿಯಾಜ್ ಒಂದನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಮುಷ್ಟಿಯಲ್ಲಿ ಇಟ್ಟುಕೊಂಡ.

ಅಣ್ಣ ಬರಲಿಲ್ಲ. ಫೋನು ಎರಡು ಮೂರು ಸಲ ಬಡಿದುಕೊಂಡಿತು, ಆ ಮನುಷ್ಯ ಎತ್ತಗೊಡಲಿಲ್ಲ. ಕಿಟಕಿಯ ಬಿಸಿಲು ಕಂಬಳಿಯ ಮೇಲಿಂದ ಗೋಡೆಗೆ ಹತ್ತಿತು. ಮೇಲೆ ಯಹ್ಯಾನ ತಾಯಿಯ ಮುಳ್ಳು ಈಗ ಎಲ್ಲಿರಬಹುದು? ಕೆಳಗೆ ಶಿಹಾಬ್ ಪೆದ್ದುಪೆದ್ದಾಗಿ ಪಿಕಪ್ಪಿನಲ್ಲಿ ಕೂತಿರುತ್ತಾನೆ, ಹಿಂದೆ ಸಿಲಿಂಡರು ಬಿಸಿಲಿಗೆ ಕಾಯುತ್ತಿರುತ್ತದೆ, ಈ ಎರಡರ ನಡುವೆ ತಾನು ಮುಷ್ಟಿಯಲ್ಲಿ ಖರ್ಜೂರದ ಬೀಜ ಹಿಡಿದು ಕೂತಿದ್ದೇನೆ. ಆ ಮುದುಕಿಗೆ ಏನಾದರೂ ಆದರೆ ಅಬೂ ಹಾಶಿಮ್ ಜನ್ಮದಲ್ಲಿ ಕಳಿಸುವುದಿಲ್ಲ ಎಂಬ ಯೋಚನೆ ಮೊದಲು ಬಂತು. ಮುದುಕಿ ಸಾಯುತ್ತಾಳೆ ಎಂಬುದು ಅದರ ನಂತರ ಬಂತು. ಹೀಗೆ ಹಿಂದುಮುಂದಾಗಿ ಬಂದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಆ ಮನುಷ್ಯ ಎದುರು ಕೂತು ಫೋನಿನ ಫೋಟೊಗಳನ್ನು ಒಂದೊಂದಾಗಿ ಸರಿಸತೊಡಗಿದ್ದ. ಗೋಡೆ. ಗೋಡೆ. ಗೇಟು. ಕಂಬ. ಕಸದ ಡಬ್ಬಿ. ಅದೇ ಗೋಡೆ ಬೇರೆ ಬಣ್ಣದಲ್ಲಿ. ಮುಖದ ಸಿಟ್ಟು ಇಳಿದು ಅದರ ಜಾಗದಲ್ಲಿ ಬೇರೇನೋ ಬಂತು, ತಲೆ ಕೆಟ್ಟವನೆದುರು ಕೂತವರಲ್ಲಿ ಕಾಣುವಂಥದ್ದು. “ಊರು ತುಂಬ ಇಷ್ಟೇಯಾ ನಿನಗೆ ಕಂಡದ್ದು?” ಎಂದ. ಮತ್ತೊಂದು ಸಲ ಬೆರಳು ಸರಿಸಿದವನು ತಟ್ಟನೆ ಮುಖ ಪಕ್ಕಕ್ಕೆ ತಿರುಗಿಸಿ, ಅಸ್ತಗ್‌ಫಿರುಲ್ಲಾ ಎಂದು ಫೋನನ್ನು ಬೋರಲು ಮಾಡಿ ಇಮ್ತಿಯಾಜನ ಕೈಗೆ ಕೊಟ್ಟುಬಿಟ್ಟ. ಶಮೀನಾ ಇದ್ದಳು, ತಲೆಗೆ ಬಟ್ಟೆಯಿಲ್ಲದೆ, ನೈಟಿಯ ಮೇಲೆ ಹೊಟ್ಟೆಗೆ ಕೈಯಿಟ್ಟು ನಗುತ್ತ. “ನಿನ್ನ ಮನೆಯವರಾ?” ಎಂದು ಗೋಡೆ ನೋಡುತ್ತ ಕೇಳಿದ. ಹೌದು. “ನಮ್ಮ ಬಾಗಿಲಿನದ್ದು ನೀನೇ ಅಳಿಸಿಬಿಡು. ಹೋಗು. ಮಾಫ್ ಮಾಡು.” ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಅವನು ಒರಟಾಗಿ ದಬ್ಬಿದ್ದರೆ ಇಮ್ತಿಯಾಜನಿಗೆ ಇಷ್ಟು ಚಿಕ್ಕವನಾದಂತೆ ಅನಿಸುತ್ತಿರಲಿಲ್ಲ. ಮಗ್ರಿಬಿನ ಬಾಂಗು ಆಗಿ ಬೀದಿಯ ದೀಪಗಳು ಹತ್ತಿಕೊಂಡಿದ್ದವು.

ರೊಟ್ಟಿ ಅಂಗಡಿಯ ಹತ್ತಿರ ಪಿಕಪ್ಪು ಇರಲಿಲ್ಲ. ಫೋನಿನಲ್ಲಿ ಚಾರ್ಜು ಮುಗಿದಿತ್ತು. ಇಮ್ತಿಯಾಜ್ ಓಣಿಯ ಮೆಟ್ಟಿಲುಗಳನ್ನು ಓಡುತ್ತ ಹತ್ತಿದ. ತೆಳುಗಾಳಿಗೆ ಎದೆ ಒಡೆದುಹೋಗುತ್ತದೆ ಅನಿಸಿತು. ಯಹ್ಯಾ ಬಾಗಿಲು ತೆಗೆದು ಅವನ ಅವಸ್ಥೆ ನೋಡಿ ಗಾಬರಿಯಾದ. “ಅಮ್ಮ?” ಎಂದ ಇಮ್ತಿಯಾಜ್, ಅಷ್ಟೇ ಆದದ್ದು. “ಅಲ್‌ಹಮ್ದುಲಿಲ್ಲಾ, ನಿದ್ದೆ ಮಾಡುತ್ತಿದ್ದಾಳೆ. ನಿನ್ನ ಸಂಗಾತಿ ಆಗಲೇ ಬಂದು ಹೊಸದು ಕೂರಿಸಿ ಹೋದನಲ್ಲ.” ದಾರಿ ಯಾರು ತೋರಿಸಿದರು ಎಂದು ಕೇಳಿದ್ದಕ್ಕೆ ಯಹ್ಯಾ ನಕ್ಕ. “ಶಿಹಾಬನಿಗೆ ದಾರಿ ತೋರಿಸಬೇಕಾ? ಶುಕ್ರವಾರ ನಮಾಜು ಮುಗಿಸಿ ಅವನು ಒಬ್ಬನೇ ಬರುತ್ತಾನೆ, ಮುಳ್ಳು ನೋಡಿ ಹೋಗುತ್ತಾನೆ. ರಂಜಾನಿನ ಈದಿನಿಂದ ಒಂದು ಶುಕ್ರವಾರ ತಪ್ಪಿಸಿದವನಲ್ಲ. ಒಳಗೆ ಬಾ, ನೀರು ಕುಡಿ.” ಇಮ್ತಿಯಾಜ್ ನೀರು ಕುಡಿದ. ಲೋಟ ಹಿಂದೆ ಕೊಟ್ಟ. ಮೆಟ್ಟಿಲು ಇಳಿಯತೊಡಗಿದ.

ಈದಿನಿಂದ! ತಾನು ಗೋಡೆ ಗೋಡೆ ಅಲೆದದ್ದು, ನೀಲಿ ಗೇಟು ಕಂದಾಯಿತೆಂದು ನಿದ್ದೆಗೆಟ್ಟದ್ದು, ಶಮೀನಾಳಿಗೆ ಇನ್ನೊಂದು ವಾರ, ಇನ್ನೊಂದು ವಾರ ಎಂದು ಹೇಳಿ ಕೊನೆಗೆ ಹೇಳುವುದನ್ನೇ ಬಿಟ್ಟದ್ದು. ಅಷ್ಟೂ ದಿನ ಇವನು ಪಕ್ಕದಲ್ಲಿ ಕೂತು ಎಡವಾ ಬಲವಾ ಎಂದು ಕೇಳುತ್ತಿದ್ದ. ಅರ್ಥ ತಾನಾಗಿ ಬಿಚ್ಚಿಕೊಂಡಿತು: ದಾರಿ ಗೊತ್ತಿಲ್ಲದವನಿಗೆ ಒಬ್ಬ ಜೊತೆಗಾರ ಇರುತ್ತಾನೆ, ದಾರಿ ಗೊತ್ತಾದವನು ಒಬ್ಬನೇ ಸಾಯಬೇಕು. ಇಮ್ತಿಯಾಜ್ ಹೋದರೆ ಅಷ್ಟೂ ಸಿಲಿಂಡರು ಇವನ ಹೆಗಲಿಗೆ. ಮೀನಿನ ನಡುವಿನ ತುಂಡು ಹಾಕುತ್ತಿದ್ದದ್ದು ಇದಕ್ಕೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ತಾನು ಕುಡಿದ.

ರೂಮಿನಲ್ಲಿ ಶಿಹಾಬ್ ಒಲೆಯ ಮುಂದಿದ್ದ. ಇವನನ್ನು ನೋಡಿ ಸೌಟು ಹಿಡಿದೇ ಓಡಿಬಂದ. “ಎಲ್ಲಿ ಹೋದಿರಿ ಇಮ್ತಿಯಾಜಾಕ? ಫೋನ್ ಎತ್ತಲಿಲ್ಲ, ಆಮೇಲೆ ಸ್ವಿಚ್ ಆಫ್. ಇಡೀ ಕೇರಿ ಹುಡುಕಿದೆ. ನಾನು ಎಷ್ಟು ಹೆದರಿದೆ ಗೊತ್ತುಂಟಾ?” ಕಣ್ಣು ನಿಜವಾಗಿಯೂ ಕೆಂಪಾಗಿತ್ತು. ಇಮ್ತಿಯಾಜ್ ಚಪ್ಪಲಿ ಬಿಡುತ್ತ ಕೇಳಿದ, “ಯಹ್ಯಾನ ಮನೆಗೆ ಸಿಲಿಂಡರ್ ಯಾರು ಮುಟ್ಟಿಸಿದ್ದು?” ಶಿಹಾಬನ ಸೌಟು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. “ಅದು... ಅವರಿವರನ್ನು ಕೇಳಿಕೊಂಡು ಹೋದೆ. ಹೇಗೋ ಸಿಕ್ಕಿತು,” ಎಂದು ಒಲೆಯ ಕಡೆ ತಿರುಗಿದ. ಹೌದಾ ಎಂದ ಇಮ್ತಿಯಾಜ್. ಇನ್ನೊಂದು ಮಾತು ಕೇಳಿದ್ದರೆ ಸಾಕಿತ್ತೋ ಏನೋ. ಕೇಳಲಿಲ್ಲ. ಸಿಟ್ಟು ತಣ್ಣಗಾಗಿ ಹೋದರೆ ಎಂಬ ಭಯವಿತ್ತು ಅವನಿಗೆ. ಬಹಳ ದಿನಗಳ ಮೇಲೆ ಕೈಗೆ ಏನೋ ಸಿಕ್ಕಿತ್ತು, ಅದನ್ನು ನಾಳೆಯವರೆಗೆ ಬಿಸಿಯಾಗಿ ಇಟ್ಟುಕೊಳ್ಳಬೇಕಿತ್ತು. ಆ ರಾತ್ರಿಯ ಊಟದಲ್ಲೂ ನಡುವಿನ ತುಂಡು ಇವನ ತಟ್ಟೆಗೇ ಬಂತು. ತಿಂದ.

ಬೆಳಿಗ್ಗೆ ಶಿಹಾಬ್ ಹೊರಗೆ ಸಿಲಿಂಡರು ಏರಿಸುತ್ತಿರುವಾಗ ಇಮ್ತಿಯಾಜ್ ಅಂಗಡಿಯ ಒಳಗೆ ಹೋಗಿ ಅಬೂ ಹಾಶಿಮನ ಎದುರು ನಿಂತ. “ಶಿಹಾಬನಿಗೆ ಎಲ್ಲ ಮನೆ ಗೊತ್ತಿದೆ,” ಎಂದ. ಅಬೂ ಹಾಶಿಮ್ ಪುಟ್ಟ ಬಟ್ಟಲಿನಂಥ ಫಿಂಜಾನಿಗೆ ಕಹ್ವಾ ಬಗ್ಗಿಸುತ್ತಿದ್ದವನು ಕೈ ತಡೆದು, ಮತ್ತೆ ಬಗ್ಗಿಸಿ, ಏನೂ ಹೇಳದೆ ಫಿಂಜಾನಿನೊಳಗೆ ನೋಡುತ್ತ ಕೂತ. ಅವನು ನಂಬಲಿಲ್ಲ ಎಂದು ಇಮ್ತಿಯಾಜನಿಗೆ ಅನಿಸಿತು. ಯಹ್ಯಾನನ್ನು ಕೇಳು, ಈದಿನಿಂದ ಒಬ್ಬನೇ ಹೋಗುತ್ತಿದ್ದಾನೆ ಎಂದ. ಅವನು ಕಳ್ಳ, ನಿನ್ನ ಪರೀಕ್ಷೆಯಲ್ಲೆಲ್ಲ ಬೇಕೆಂದೇ ಸೋತ, ನಿನ್ನ ಉಪ್ಪು ತಿಂದು ನಿನಗೇ ಮೋಸ ಮಾಡಿದ ಎಂದ. ಜಪಮಣಿ ಒಂದೊಂದೇ ಸರಿಯಿತು. ಆ ಮೌನ ಇಮ್ತಿಯಾಜನಿಗೆ ಗುಂಡಿಯಾಗಿ ಕಂಡು, ಅದನ್ನು ತುಂಬಲು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತ ಹೋದ. ಪಿಕಪ್ಪಿನಲ್ಲಿ ಮಲಗುತ್ತಾನೆ ಎಂದ. ಸುಳ್ಳು. ನಿನ್ನನ್ನು ಹಿಂದಿನಿಂದ ಕತ್ತೆ ಎನ್ನುತ್ತಾನೆ ಎಂದ. ಅದೂ ಸುಳ್ಳು. ಹೇಳುತ್ತ ಹೇಳುತ್ತ ನಾಲಿಗೆಗೆ ಒಂಥರಾ ಸುಖವೇ ಆಗುತ್ತಿತ್ತು, ತುರಿಕೆ ಕೆರೆದಾಗ ಆಗುವಂಥದ್ದು. ಕೊನೆಗೆ ನಿಜವಾದ ಒಂದೇ ಒಂದು ಮಾತು ಉಳಿದಿತ್ತು, ಅದನ್ನೂ ಹೇಳಿದ. “ಅವನು ದಮ್ಮಾಮಿಗೆ ಹೋಗುವವನು. ಅಲ್ಲಿ ಅವನ ದೊಡ್ಡಪ್ಪನ ಮಗನ ಕಂಪೆನಿ ಇದೆ. ನಿನ್ನನ್ನು ಬಿಟ್ಟು ಓಡುತ್ತಾನೆ, ನೋಡು.”

“ದಮ್ಮಾಮಾ?” ಅಬೂ ಹಾಶಿಮ್ ಮೊದಲ ಸಲ ತಲೆಯೆತ್ತಿದ. ಆಮೇಲೆ ಬಾಗಿಲ ಕಡೆ ತಿರುಗಿ ಶಿಹಾಬನನ್ನು ಕರೆದ. ಶಿಹಾಬ್ ಕೈಗವಸು ಕಳಚುತ್ತ ಒಳಗೆ ಬಂದ. “ಇಮ್ತಿಯಾಜ್ ಹೇಳುತ್ತಾನೆ, ನಿನಗೆ ಎಲ್ಲ ಮನೆಗಳೂ ಗೊತ್ತಂತೆ. ಬೇಕೆಂದೇ ಮುಚ್ಚಿಟ್ಟೆಯಂತೆ. ಹೌದಾ?” ಶಿಹಾಬ್ ಇಮ್ತಿಯಾಜನನ್ನು ನೋಡಿದ. ಅಬೂ ಹಾಶಿಮನನ್ನು ನೋಡಿದ. ಅವರಿಬ್ಬರ ನಡುವೆ ಏನೋ ಹಾದುಹೋದದ್ದು ಇಮ್ತಿಯಾಜನಿಗೆ ಕಂಡರೂ ಏನೆಂದು ತಿಳಿಯಲಿಲ್ಲ. “ಹೌದು ಬಾಬಾ. ಮುಚ್ಚಿಟ್ಟೆ. ತಪ್ಪಾಯಿತು,” ಎಂದ ಶಿಹಾಬ್. “ದಮ್ಮಾಮಿಗೆ ಹೋಗುವವನಂತೆ?” ಶಿಹಾಬ್ ಕಳಚಿದ ಕೈಗವಸನ್ನು ಮತ್ತೆ ಹಾಕಿಕೊಳ್ಳತೊಡಗಿದ. ಹೋಗು, ಕೆಲಸ ನೋಡು ಎಂದ ಅಬೂ ಹಾಶಿಮ್. ಅವನು ಹೋದ.

ಡ್ರಾಯರಿನಲ್ಲಿ ಎರಡು ಪಾಸ್‌ಪೋರ್ಟುಗಳು ಒಂದೇ ರಬ್ಬರ್ ಬ್ಯಾಂಡಿನಲ್ಲಿದ್ದವು. ಅಬೂ ಹಾಶಿಮ್ ಇಮ್ತಿಯಾಜನದ್ದನ್ನು ಎಳೆದು ಮೇಜಿನ ಮೇಲಿಟ್ಟ. “ಊರಿಗೆ ಹೋಗಿಬರುವ ವೀಸಾ ಇವತ್ತೇ ಹಾಕಿಸುತ್ತೇನೆ. ಗುರುವಾರದ ವಿಮಾನ ಹಿಡಿ. ಮಾತು ಕೊಟ್ಟಿದ್ದೇನೆ. ನೀನು ಬಂದು ಅವನಿಗೆ ಗೊತ್ತಿದೆ ಎಂದ ಮೇಲೆ ಇಲ್ಲ ಎನ್ನಲಾರೆ. ನೀನು ಮೊದಲ ಮಾತು ಹೇಳಿದಾಗಲೇ ಇದನ್ನು ಕೊಡುವುದೆಂದು ಆಗಿತ್ತು. ಒಬ್ಬನನ್ನಿಟ್ಟುಕೊಂಡು ಹಜ್ಜಿನ ಸೀಜನ್ನು ಹೇಗೆ ಸುಧಾರಿಸುವುದೆಂದು ಯೋಚಿಸುತ್ತಿದ್ದೆ, ಅಷ್ಟೇ. ನೀನು ಮಾತಾಡುತ್ತಲೇ ಹೋದೆ.” ಕಹ್ವಾ ಒಂದು ಗುಟುಕು ಕುಡಿದು, ಬೇಸರವೂ ಅಲ್ಲ ನಗುವೂ ಅಲ್ಲದ ಧ್ವನಿಯಲ್ಲಿ ಮುಂದುವರಿಸಿದ: “ಅವನು ನನಗೆ ಮೋಸ ಮಾಡಲಿಲ್ಲ ಇಮ್ತಿಯಾಜ್. ಈದ್ ಕಳೆದ ವಾರವೇ ಇಲ್ಲಿ ಬಂದು ನಿಂತು ಹೇಳಿದ, ನಾನು ಎಲ್ಲ ಕಲಿತೆ, ಇಮ್ತಿಯಾಜಾಕನನ್ನು ಕಳಿಸಿ, ಅವರ ಒಂದು ಮಗು ಹೋಗಿದೆ, ಹೆಂಡತಿ ಕಾಯುತ್ತಿದ್ದಾಳೆ ಅಂತ. ನಾನೇ ಸುಮ್ಮನಿರು ಎಂದೆ. ಹಜ್ಜು ಮುಗಿಯುವವರೆಗೆ ನನಗೆ ಇಬ್ಬರು ಬೇಕಿತ್ತು. ಪರೀಕ್ಷೆಯಲ್ಲಿ ಸೋಲು ಎಂದದ್ದೂ ನಾನೇ. ಬಾಯಿ ಬಿಟ್ಟರೆ ಇಬ್ಬರದ್ದೂ ರಜೆ ಇಲ್ಲ ಎಂದಿದ್ದೆ. ಇಲ್ಲೇ ನಿಂತು ಎರಡು ಸಲ ಅತ್ತುಬಿಟ್ಟ.” ಉಳಿದ ಪಾಸ್‌ಪೋರ್ಟಿಗೆ ರಬ್ಬರ್ ಬ್ಯಾಂಡನ್ನು ಎರಡು ಸುತ್ತು ಸುತ್ತಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದ. “ದಮ್ಮಾಮಿನದು ನನಗೆ ಗೊತ್ತಿರಲಿಲ್ಲ. ಒಳ್ಳೆಯದಾಯಿತು ನೀನು ಹೇಳಿದ್ದು.”

ಹೊರಗೆ ಬಿಸಿಲು ಕಣ್ಣಿಗೆ ಕುಕ್ಕಿತು. ಶಿಹಾಬ್ ಸಿಲಿಂಡರುಗಳಿಗೆ ಹಗ್ಗ ಬಿಗಿಯುತ್ತಿದ್ದ. ಇಮ್ತಿಯಾಜ್ ಪಾಸ್‌ಪೋರ್ಟನ್ನು ಅಂಗಿಯ ಒಳಗೆ ಹಾಕಿಕೊಂಡು, ಎಂದಿನಂತೆ ಪಿಕಪ್ಪಿನ ಬಾಗಿಲು ತೆಗೆದು ಒಳಗೆ ಕೂತ. ಬೇರೆ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಶಿಹಾಬ್ ಬಂದು ಚಕ್ರದ ಮುಂದೆ ಕೂತು, ಕೀಲಿ ತಿರುಗಿಸದೆ, ಗಾಜಿನಾಚೆ ನೋಡುತ್ತಿದ್ದ.

“ಸಿಕ್ಕಿತಾ?”

“ಸಿಕ್ಕಿತು.”

“ಒಳ್ಳೆಯದಾಯ್ತು.” ಕೀಲಿಯ ಮೇಲೆ ಕೈಯಿಟ್ಟು, “ದಮ್ಮಾಮಿನದು ಯಾಕೆ ಹೇಳಿದಿರಿ?” ಎಂದ. ಸಿಟ್ಟಿನ ಧ್ವನಿಯಲ್ಲ, ಅವನಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

“ಶಿಹಾಬ್, ನಾನು...”

“ಈಗ ಬೇಡ ಇಮ್ತಿಯಾಜಾಕ. ನೀವು ಏನಾದರೂ ಹೇಳಿದರೆ ನಾನೂ ಏನಾದರೂ ಹೇಳಬೇಕಾಗ್ತದೆ. ಇಳೀರಿ. ನಿಮಗೆ ಸಾಮಾನು ಕಟ್ಟಲಿಕ್ಕುಂಟು.”

ಇಮ್ತಿಯಾಜ್ ಇಳಿದ. ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ. ಶಿಹಾಬ್ ಒಳಗಿನಿಂದ ಕೈ ಚಾಚಿ ಅದನ್ನು ಎಳೆದುಕೊಂಡ. ಪಿಕಪ್ಪು ಹೊರಟು ಮೂಲೆಯಲ್ಲಿ ತಿರುಗಿತು. ಅಂಗಿಯೊಳಗೆ ಪಾಸ್‌ಪೋರ್ಟು ಬೆವರಿಗೆ ಅಂಟಿಕೊಂಡಿತ್ತು. ಇಷ್ಟು ದಿನ ಈ ಗಳಿಗೆಯನ್ನು ಎಷ್ಟು ಬಗೆಯಲ್ಲಿ ಊಹಿಸಿದ್ದನೋ. ಬೀದಿಯಲ್ಲಿ ನಿಂತು ಕೂಗಬೇಕು ಅನಿಸಬಹುದು ಎಂದೆಲ್ಲ. ಏನೂ ಅನಿಸಲಿಲ್ಲ. ಅಂಗಡಿಯ ಗಾಜಿನೊಳಗಿಂದ ಅಬೂ ಹಾಶಿಮ್ ಬಾ, ಒಳಗೆ ಬಂದು ಕಹ್ವಾ ಕುಡಿ ಎಂದು ಕೈ ಮಾಡುತ್ತಿದ್ದ. ಇಮ್ತಿಯಾಜ್ ಆ ಕಡೆಗೆ ಬೆನ್ನು ಮಾಡಿ ಶಮೀನಾಳಿಗೆ ಫೋನು ಮಾಡಿದ.

“ಬರ್ತಾ ಇದ್ದೇನೆ,” ಎಂದ. “ಗುರುವಾರ.”

ಮೊದಲು ಅವಳ ಉಸಿರು ಮಾತ್ರ ಕೇಳಿಸಿತು, ಆಮೇಲೆ ಅಳು, ಅಳುವಿನೊಳಗೇ ನಗು. ಉಮ್ಮಾ, ಬರ್ತಾರಂತೆ ಎಂದು ಒಳಗೆ ಕೂಗಿದಳು. ದೂರದಲ್ಲಿ ರುಖಿಯಮ್ಮ ಅಲ್ಲಾಹನನ್ನು ನೆನೆದದ್ದು ಕೇಳಿಸಿತು. “ಹೇಗೆ ಬಿಟ್ಟರು? ಕಫೀಲ ಒಪ್ಪಿದನಾ? ನಾನು ಆಸೆಯೇ ಬಿಟ್ಟಿದ್ದೆ ಇವರೇ, ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ.”

“ಶಿಹಾಬ್ ಎಲ್ಲ ಮನೆ ಕಲಿತ,” ಎಂದ ಇಮ್ತಿಯಾಜ್.

“ಪಾಪ, ಒಳ್ಳೆಯ ಹುಡುಗ. ಅವನ ಉಮ್ಮ ಪುಣ್ಯ ಮಾಡಿದ್ದಾಳೆ. ಹತ್ತಿರ ಇದ್ದಾನಾ ಅವನು? ಫೋನ್ ಕೊಡಿ, ನಾನೇ ಒಂದು ಮಾತು ಹೇಳ್ತೇನೆ.”

“ಇಲ್ಲ,” ಎಂದ. “ಈಗಷ್ಟೇ ಹೋದ.”

“ಹಾಗಾದರೆ ನೀವೇ ಹೇಳಿ. ಶಮೀನಾ ಸಲಾಂ ಹೇಳಿದಳು ಅಂತ ಹೇಳಿ. ಈ ಮಗು ಹುಟ್ಟಿದರೆ ಅವನ ಹೆಸರಲ್ಲಿ ದುವಾ ಮಾಡ್ತೇನೆ ಅಂತ ಹೇಳಿ. ಮರೀಬೇಡಿ. ಹೇಳ್ತೀರಲ್ಲ?”

ಆಯ್ತು ಎಂದ. ಅವಳಿಗೆ ಕೇಳಿಸಲಿಲ್ಲವೋ ಏನೋ, ಮತ್ತೆ ಕೇಳಿದಳು, “ಹೇಳ್ತೀರಲ್ಲ?”